ಭರ್ತಿಯಾದ ಮೂವತ್ತು ಮಂಚ

"ಏನೇ ಇದು, ಮುಂಡೇದೇ? ಕಣ್ಣು ಕುಕ್ಕೋ ಹಾಗೆ ಒಗ್ದು ತಂದಿದೀಯಲ್ಲ!"

ಮೇಲ್ವಿಚಾರಕ ಬೆಡ್‌ಶೀಟನ್ನು ಅವಳ ಮುಖಕ್ಕೆ ಎಸೆದ.

ಮೂವತ್ತು ವರ್ಷ ಊರಿನ ಕೊಳೆ ತೆಗೆದ ಕೈ ಅವಳದು. ಕಲೆ ಹೋಗಿಲ್ಲವೆಂದು ಬೈಸಿಕೊಂಡದ್ದುಂಟು, ಗುಂಡಿ ಒಡೆಯಿತೆಂದು ಬೈಸಿಕೊಂಡದ್ದುಂಟು. ಬೆಳ್ಳಗಾಯಿತೆಂದು ಯಾರೂ ಬೈದಿರಲಿಲ್ಲ. ಬಟ್ಟೆಗೆ ಹಾಕುವ ನೀಲಿ ಅವಳ ಉಗುರಿನ ಸಂದಿಯಿಂದ ಎಂದೂ ಹೋಗುತ್ತಿರಲಿಲ್ಲವಾದ್ದರಿಂದ ಆ ವ್ಯಸನಮುಕ್ತಿ ಕೇಂದ್ರದಲ್ಲಿ ಎಲ್ಲರಿಗೂ ಅವಳು ನೀಲಿಯಕ್ಕ. ಮೇಲ್ವಿಚಾರಕ ಮಾತ್ರ ಬಾಯಿಗೆ ಬಂದದ್ದನ್ನು ಕರೆಯುತ್ತಿದ್ದ.

"ಒಗೆಯೋದು ನನ್ ಕೆಲ್ಸ ಅಲ್ವಾ ಸಾರ್?"

"ನಾಳೆ ಮೇಲಿಂದ ತಪಾಸಣೆಗೆ ಬರ್ತಿದಾರೆ. ಮೂವತ್ತು ಮಂಚ, ಮೂವತ್ತೂ ಭರ್ತಿ ಅಂತ ವರ್ಷದಿಂದ ಬರ್ಕೊಟ್ಟಿದೀವಿ. ಇದನ್ನ ನೋಡಿದ್ರೆ ಇದ್ರ ಮೇಲೆ ಯಾರೋ ಮಲಗಿದ್ರು ಅಂತ ನಾಯಿ ಕೂಡ ನಂಬಲ್ಲ. ತಗೊಂಡೋಗಿ ಕೊಳೆ ಮಾಡ್ಕೊಂಡು ಬಾ."

"ಕೊಳೆ ಮಾಡೋದಾ?"

"ಹೂಂ. ಬೆವರು, ಎಂಜಲು, ವಾಂತಿ, ಎಲ್ಲಾ ಇರ್ಬೇಕು. ನಾಳೆ ಮೂವತ್ತು ತೋರಿಸಿದ್ರೆ ಬರೋ ವರ್ಷ ಅರವತ್ತು ಮಂಚಕ್ಕೆ ಅನುದಾನ. ಬಾಯಿ ಬಿಟ್ಕೊಂಡು ನಿಂತಿದೀಯಲ್ಲ, ನಡಿ!"

ಹಿತ್ತಲಿಗೆ ಅಡುಗೆಯವನು ಹಳೇ ಚಹಾಪುಡಿ ಕುದಿಸಿದ ಬಕೆಟ್ಟು ತಂದಿಟ್ಟ. ಆ ಮಹಾರಾಯನ ಉಗ್ರಾಣಕ್ಕೆ ಮೂವತ್ತು ಜನರ ದಿನಸಿ ಬರುತ್ತಿತ್ತು, ಒಲೆ ಉರಿಯುತ್ತಿದ್ದುದು ಐದು ಜನ ಸಿಬ್ಬಂದಿಗೆ.

"ತಗೋ ಅಕ್ಕಾ, ರೋಗಿಗಳ ಬೆವರು, ಬಿಸಿಬಿಸಿ ಇದೆ. ಸಕ್ಕರೆ ಹಾಕಿಲ್ಲಪ್ಪ. ಇರುವೆ ಮುತ್ತಿದ್ರೆ ಸಕ್ಕರೆ ಕಾಯಿಲೇನೂ ಇದೆ ಅಂತ ಬರ್ಕೊಂಡು ಅದಕ್ಕೂ ಒಂದು ಯೋಜನೆ ತರ್ತಾರೆ."

ನೀಲಿಯಕ್ಕನಿಗೆ ನಗು ಬರಲಿಲ್ಲ. ನಿಜವಾದ ರೋಗಿಯ ಹಾಸಿಗೆ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅದು ಅವಳ ಮನೆಯಲ್ಲೇ ಇತ್ತು, ಮೂರು ದಿನದಿಂದ ಮಗಳು ಅದರ ಮೇಲೆ ಬಿದ್ದುಕೊಂಡಿದ್ದಳು. ಬೆವರು ಚಹಾದ ಹಾಗೆ ಎಲ್ಲೆಂದರಲ್ಲಿ ಚೆಲ್ಲುವುದಿಲ್ಲ. ಬೆನ್ನಿದ್ದ ಕಡೆ ಬೆನ್ನು, ಮಂಡಿ ಮಡಿಸಿದ ಕಡೆ ಮಂಡಿ, ಮನುಷ್ಯರ ಆಕಾರದಲ್ಲೇ ಇಳಿಯುತ್ತದೆ. ಶೀಟಿನ ಅಂಚೆಲ್ಲ ಹಲ್ಲಿಗೆ ಸಿಕ್ಕಿ ಹರಿದಿರುತ್ತದೆ.

ಮಗಳು ಗೋದಾಮೊಂದರಲ್ಲಿ ಡಬ್ಬ ಕಟ್ಟುತ್ತಿದ್ದಳು, ದಿನಕ್ಕೆ ಹನ್ನೆರಡು ಗಂಟೆ, ನಿಂತೇ. ಕಾಲು ಬಿದ್ದುಹೋಗುತ್ತೆ ಅಂದಾಗ ಅಲ್ಲಿನ ಸೂಪರ್‌ವೈಸರ್ ಒಂದು ಮಾತ್ರೆ ಕೊಟ್ಟ. ಪುಕ್ಕಟೆ. ನೋವೂ ಹೋಯಿತು, ದಣಿವೂ ಹೋಯಿತು. ಆರು ತಿಂಗಳಲ್ಲಿ ಒಂದು ಇದ್ದದ್ದು ಎಂಟಾಯಿತು, ಪುಕ್ಕಟೆ ನಿಂತಿತು, ಕೊನೆಗೆ ಕೈ ನಡುಗುತ್ತದೆಂದು ಅದೇ ಸೂಪರ್‌ವೈಸರ್ ಕೆಲಸದಿಂದ ತೆಗೆದ. "ಅಮ್ಮಾ, ಇವತ್ತಿಂದ ಬಿಡ್ತೀನಮ್ಮಾ" ಎಂದು ತಾನಾಗಿಯೇ ಹಲ್ಲು ಕಚ್ಚಿ ಮಲಗಿದವಳಿಗೆ ನಿನ್ನೆ ಸೆಳೆತ ಬಂದಿತ್ತು. ಹೊತ್ತುಕೊಂಡು ಓಡಿದರೆ ಆಸ್ಪತ್ರೆಯ ನರ್ಸಮ್ಮ ಒಂದು ಸೂಜಿ ಚುಚ್ಚಿ ವಾಪಸು ಕಳಿಸಿದಳು. "ಇಂಥವ್ರನ್ನ ಇಲ್ಲಿ ಸೇರಿಸ್ಕೊಳಲ್ಲ ತಾಯಿ, ಅದಕ್ಕೇ ಅಂತ ಕೇಂದ್ರ ಮಾಡಿದಾರಲ್ಲ. ಡಾಕ್ಟ್ರಿಲ್ದೆ ಮನೇಲಿಟ್ಕೊಂಡು ಬಿಡಿಸ್ಬೇಡ. ಇನ್ನೊಂದು ಸಲ ಸೆಳೆತ ಬಂದ್ರೆ ನಿನ್ ಮಗಳು ಉಳಿಯಲ್ಲ."

ಕೈಯನ್ನು ಸೀರೆಗೆ ಒರೆಸಿಕೊಂಡು ನೀಲಿಯಕ್ಕ ಮೇಲ್ವಿಚಾರಕನ ಕೋಣೆಗೆ ಹೋದಳು.

"ಸಾರ್, ಹೇಗೂ ಮಂಚ ತುಂಬಿಸ್ಬೇಕಲ್ಲ. ನನ್ ಮಗಳನ್ನ ತರ್ತೀನಿ. ಅವಳು ನಿಜವಾಗ್ಲೂ ರೋಗಿ."

"ನಿಜವಾದೋಳಾ?" ಅವನು ಕುರ್ಚಿಯಿಂದ ಅರ್ಧ ಎದ್ದ. "ತಲೆ ಕೆಟ್ಟಿದ್ಯೇನೇ? ನಿಜವಾದೋರು ಕಿರುಚ್ತಾರೆ, ಕಕ್ತಾರೆ, ಡಾಕ್ಟ್ರು ಬೇಕು ಅಂತಾರೆ. ಎಲ್ಲಿಂದ ತರ್ಲಿ, ನಿನ್ ಸೆರಗಿಂದ ಉದುರಿಸ್ತೀಯಾ? ನಂಗೆ ಬೇಕಿರೋದು ಸುಮ್ನೆ ಮಲಗೋರು. ಮಾರ್ಕೆಟ್ಟಿನ ಹಮಾಲರಿಗೂ ಅವ್ರ ಹೆಂಡ್ರಿಗೂ ಹೇಳಿದೀನಿ. ಹೆಂಗಸರ ಕಡೆ ನೀನೂ ಒಂದು ಮಂಚ ಹಿಡ್ಕೊಂಡು ಬಿದ್ಕೊ."

"ಬಾಗ್ಲಲ್ಲಿ ಡಾಕ್ಟ್ರ ಹೆಸ್ರಿನ ಬೋರ್ಡಿದೆಯಲ್ಲ ಸಾರ್."

"ಹೋಗು, ಬೋರ್ಡಿಗೇ ತೋರಿಸ್ಕೋ ನಿನ್ ಮಗಳನ್ನ! ಮಾತ್ರೆ ನುಂಗೋ ಹಡಬೆನ ಹೆತ್ತು ನನ್ ಹತ್ರ ನ್ಯಾಯ ಕೇಳಕ್ಕೆ ಬಂದಿದಾಳೆ. ಥೂ!"

ಮರುದಿನ ಬೆಳಿಗ್ಗೆ, ಒಣಗಿಸಲೆಂದು ಮನೆಗೆ ಒಯ್ದಿದ್ದ ಬಟ್ಟೆಯ ತಳ್ಳುಗಾಡಿ ಎಂದಿಗಿಂತ ಭಾರವಾಗಿತ್ತು. ಗೇಟಿನವನು ಮೇಲಿನ ಕಂದು ಕಲೆಗಳನ್ನು ನೋಡಿ "ಭೇಷ್, ಎಷ್ಟು ಗಲೀಜಾಗಿದೆ!" ಎಂದು ಮೆಚ್ಚಿ ಒಳಗೆ ಬಿಟ್ಟ. ಶೀಟುಗಳ ಅಡಿಯಲ್ಲಿ ಮಗಳು ಮುದುಡಿ ಮಲಗಿದ್ದಳು.

ಉದ್ದನೆಯ ವಾರ್ಡು, ಇದ್ದದ್ದು ಒಂದೇ ಬಾಗಿಲು. ರೋಗಿಗಳು ಓಡಿಹೋಗಬಾರದೆಂದು ಕಿಟಕಿಗಳಿಗೆಲ್ಲ ಹೊಸ ಸರಳು ಹಾಕಿಸಿದ್ದರು. ಈಚೆ ಇಪ್ಪತ್ತು ಗಂಡಸರ ಮಂಚ, ಪರದೆಯ ಆಚೆ ಹತ್ತು ಹೆಂಗಸರದು. ಹಮಾಲರು ಆಗಲೇ ಕಾಲು ಚಾಚಿಕೊಂಡಿದ್ದರು. ಒಂದು ಹೊರುವಲ್ಲಿ ಎರಡು ಹೊರುತ್ತಿದ್ದುದರಿಂದ ಅವರ ಮುಂದಾಳಿಗೆ ಡಬಲ್ ಮೂಟೆ ಎಂದೇ ಹೆಸರು.

"ನೀಲಿಯಕ್ಕಾ, ನನ್ ಕಾಯಿಲೆ ಏನು ಅಂತಾನೇ ಹೇಳಿಲ್ಲ ಕಣೇ ಇವ್ರು. ಗಾಂಜಾನಾ, ಪುಡಿನಾ? ಸಾಹೇಬ್ರು ಕೇಳಿದ್ರೆ ಏನನ್ಲಿ?"

"ನಿದ್ದೆ ಅನ್ನೋ," ಪಕ್ಕದವನು ನಕ್ಕ. "ನನ್ ಮದ್ವೇಲೂ ಇಷ್ಟು ಮೆತ್ತಗಿರೋ ಹಾಸಿಗೆ ಕಂಡಿರ್ಲಿಲ್ಲ."

ನೀಲಿಯಕ್ಕ ಗಾಡಿಯಿಂದ ಮಗಳನ್ನು ಎತ್ತತೊಡಗಿದಾಗ ನಗು ನಿಂತಿತು. ಡಬಲ್ ಮೂಟೆ ಎದ್ದು ಬಂದು ಕಾಲ ಕಡೆ ಹಿಡಿದ. ಅವನ ಕೈ ಒದ್ದೆಯಾಯಿತು.

"ಇದು… ನಿಜವಾದ್ದಾ ಅಕ್ಕಾ?"

"ನಿಜವಾದ್ದೇ ತಮ್ಮಾ."

ಪರದೆಯಾಚೆ ನೀಲಿಯಕ್ಕನಿಗೆಂದಿದ್ದ ಮಂಚದ ಮೇಲೆ ಮಗಳನ್ನು ಮಲಗಿಸಲು ಅವನು ಕೈಜೋಡಿಸಿದ. ಮೂಗು ಸೀಟಿಕೊಂಡು ತನ್ನ ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ.

ಹನ್ನೊಂದಕ್ಕೆ ಸಾಹೇಬರು ಬಂದರು. ಕೈಯಲ್ಲಿ ಕಡತ, ಮೂಗಿನ ಮೇಲೆ ಕರವಸ್ತ್ರ. ಪ್ರತಿ ಮಂಚದ ಬಳಿ "ಹೇಗಿದೀಯಾ?" "ಚೆನ್ನಾಗಿದೀನಿ ಸಾಹೇಬ್ರೆ." ಒಂದು ಗುರುತು. ಡಬಲ್ ಮೂಟೆಯ ಭುಜ ನೋಡಿ ಅರೆಗಳಿಗೆ ನಿಂತು, ಮೇಲ್ವಿಚಾರಕನತ್ತ ತಿರುಗಿ ತುಟಿಯಂಚಿನಲ್ಲಿ ನಕ್ಕರು. "ಗಟ್ಟಿಮುಟ್ಟಾಗಿದಾರೆ ನಿಮ್ಮ ರೋಗಿಗಳು."

"ಎಲ್ಲಾ ತಮ್ಮ ಆಶೀರ್ವಾದ ಸರ್."

ಗೊತ್ತಿದ್ದೂ ಗುರುತು ಹಾಕಿದರು. ನೀಲಿಯಕ್ಕ ಪರದೆಯ ಸಂದಿಯಿಂದ ನೋಡಿದಳು. ಅಲ್ಲಿಯವರೆಗೂ ಅವಳಿಗೊಂದು ಆಸೆಯಿತ್ತು: ಮೋಸ ಮಾಡುತ್ತಿರುವವನು ಇವನೊಬ್ಬ, ಮೇಲಿನವರಿಗೆ ತಿಳಿದರೆ ಬಿಡುವುದಿಲ್ಲ ಎಂದು. ಹಾಳಾದ ಆಸೆ.

ಪರದೆ ಸರಿಯಿತು. ಅದೇ ಹೊತ್ತಿಗೆ ಮಗಳು ಬಗ್ಗಿ ಸಾಹೇಬರ ಬೂಟಿನ ಮೇಲೆ ಕಕ್ಕಿದಳು.

"ಛೀ ಛೀ! ಯಾರ್ರೀ ಇವಳು?"

"ಇವಳು ನಮ್ಮೋಳಲ್ಲ ಸರ್! ಈ ಒಗೆಯೋಳ ಮಗಳು. ಕದ್ದು ತಂದಿದಾಳೆ."

"ತಪಾಸಣೆ ದಿನ ಇಂಥೋರನ್ನೆಲ್ಲ ಯಾಕ್ರೀ ಒಳಗೆ ಬಿಡ್ತೀರಾ?"

"ಸ್ವಾಮೀ," ನೀಲಿಯಕ್ಕ ಕೈಮುಗಿದಳು, "ಇಂಥೋರಿಗೋಸ್ಕರಾನೇ ಅಲ್ವಾ ಇದು? ನಾಲ್ಕು ದಿನ ಆಯ್ತು ಇವಳು ಮಾತ್ರೆ ಬಿಟ್ಟು. ಡಾಕ್ಟ್ರು ನೋಡ್ಲಿಲ್ಲ ಅಂದ್ರೆ ಸಾಯ್ತಾಳೆ."

"ನೋಡಮ್ಮಾ, ಎಲ್ಲಕ್ಕೂ ಒಂದು ಕ್ರಮ ಇದೆ. ಸದ್ಯಕ್ಕೆ ಮೂವತ್ತೂ ಭರ್ತಿ. ಮುಂದಿನ ಹಂತದಲ್ಲಿ ಅರವತ್ತು ಮಾಡ್ತಿದೀವಿ, ಆಗ ಅರ್ಜಿ ಕೊಡು." ಕಡತದ ತುದಿಯಿಂದ ಬೂಟು ಒರೆಸಿಕೊಂಡರು.

ಮೇಲ್ವಿಚಾರಕನಿಗೆ ನಾಟಕವೇ ಮರೆತುಹೋಯಿತು. "ಏಯ್ ಹಮಾಲರಾ, ನಾಲ್ಕು ಜನ ಬನ್ರೋ! ಈ ಹೆಣಾನ ಎತ್ತಿ ಆಚೆ ಹಾಕ್ರೋ!"

ನಾಲ್ಕು ರೋಗಿಗಳು ಮಂಚದಿಂದ ಇಳಿದು ಬಂದರು, ಮುಂದೆ ಡಬಲ್ ಮೂಟೆ. ನೀಲಿಯಕ್ಕ ಮಗಳ ಮೇಲೆ ಬೋರಲು ಬಿದ್ದಳು.

"ಮುಟ್ಟಿದ್ರೆ ಕೈ ಕಚ್ಚಿ ಹರೀತೀನಿ, ಬೇವರ್ಸಿಗಳಾ! ನೀನೂ ಬಂದ್ಯಲ್ಲೋ!"

"ಅಕ್ಕಾ," ಅವನು ಬಗ್ಗಿ ಮೆಲ್ಲಗೆ ಅಂದ, "ಮಗೂನ ಗಟ್ಟಿಯಾಗಿ ಹಿಡ್ಕೋ. ಬೀಳಬಾರ್ದು." ಆಮೇಲೆ ಜೊತೆಯವರಿಗೆ, "ಮೂಲೆಗೊಬ್ರು. ಹೂಂ, ಎತ್ರಪ್ಪಾ!"

ಮಂಚ ಮಂಚವೇ ಮೇಲೆದ್ದಿತು. ಮೂಟೆ ಹೊರುವ ಹೆಜ್ಜೆಯಲ್ಲಿ ನಾಲ್ವರೂ ವಾರ್ಡಿನ ಉದ್ದಕ್ಕೂ ನಡೆದು, ಬಾಗಿಲಲ್ಲಿ ಅರ್ಧ ತೂರಿಸಿ, "ಇಳಿಸ್ರಪ್ಪಾ" ಎಂದು ಇಳಿಸಿದರು. ಕಬ್ಬಿಣದ ಮಂಚ ಚೌಕಟ್ಟಿಗೆ ಬಿಗಿಯಾಗಿ ಕಚ್ಚಿಕೊಂಡಿತು.

"ಏನ್ರೋ ಇದು! ಆಚೆ ಅಂದೆ ನಾನು!"

"ಅರ್ಧ ಆಚೆನೇ ಇದೆಯಲ್ಲ ಸಾರ್." ಡಬಲ್ ಮೂಟೆ ಮಂಚದ ಕಾಲಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತ. "ಸುಸ್ತಾಯ್ತು. ರೋಗಿಗಳಲ್ವಾ ನಾವು?"

"ಪೊಲೀಸ್ರನ್ನ ಕರೀತೀನಿ, ಬೋಳಿಮಕ್ಳಾ!"

"ಕರೀರಿ," ಎಂದಳು ನೀಲಿಯಕ್ಕ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಬರೋವಾಗ ಡಾಕ್ಟ್ರನ್ನೂ ಕರ್ಕೊಂಡು ಬರಕ್ಕೆ ಹೇಳಿ. ಡಾಕ್ಟ್ರು ಒಳಗೆ ಬರೋವರ್ಗೂ ಸಾಹೇಬ್ರು ಆಚೆ ಹೋಗಲ್ಲ."

ಸಾಹೇಬರು ಸರಳಿನ ಕಿಟಕಿಗಳನ್ನು ಒಂದೊಂದಾಗಿ ನೋಡಿದರು. "ಇಲ್ಲಿಗೆ ಡಾಕ್ಟರ್ ಯಾರ್ರೀ?" ಎಂದು ಕೇಳಿದರು. ಮೇಲ್ವಿಚಾರಕ ಬಾಗಿಲಿನ ಬೋರ್ಡಿನತ್ತ ಕೈ ತೋರಿಸಿದ.

ಮಗಳ ಕಣ್ಣು ಮೇಲಾಯಿತು, ಬೆನ್ನು ಬಿಲ್ಲಾಯಿತು. ಮಂಚದ ಕಾಲುಗಳು ನೆಲಕ್ಕೆ ಕಟಕಟ ಬಡಿಯತೊಡಗಿದವು. ಹಮಾಲರು ಒಂದೊಂದು ಕಾಲನ್ನು ತಬ್ಬಿ ಹಿಡಿದರು. ನೀಲಿಯಕ್ಕ ಮಗಳನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಒಂದು ಕೈ ಕೊಟ್ಟಳು.

ಸಾಹೇಬರು ಕಡತವನ್ನು ಕಂಕುಳಿಗೆ ಸಿಕ್ಕಿಸಿ, ಮಂಚ ದಾಟಲು ಒಂದು ಕಾಲೆತ್ತಿದರು.

ಅವಳು ಇನ್ನೊಂದು ಕೈಯಿಂದ ಆ ಕಾಲನ್ನು ಹಿಡಿದಳು. ಬೇಡುವವರು ಹಿಡಿಯುವ ಹಾಗಲ್ಲ, ನೆನೆದ ಕಂಬಳಿ ಹಿಂಡುವವರು ಹಿಡಿಯುವ ಹಾಗೆ.