ವೈಭವನನ್ನು ಹಿಂದೆ ನಿಲ್ಲಿಸಿದ್ದು

ಎಕ್ಕಂಬಿಯ ಉಲ್ಲಾಸ ತೊಂಬತ್ತೆರಡರಲ್ಲಿ ಮಡಗಾಂವಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಸಂಬಳದ ಆಟಗಾರನಾಗಿ ಸೇರಿದ. ಊರಿನವರ ಕಣ್ಣಲ್ಲಿ ಅವನು ದೊಡ್ಡ ಆಟಗಾರ. ಆದರೆ ಅಲ್ಲಿದ್ದ ವರ್ಷಗಳಲ್ಲಿ ಹೆಚ್ಚಿನವನ್ನು ಅವನು ಬದಲಿಯವರ ಬೆಂಚಿನ ಮೇಲೆ ಕೂತೇ ಕಳೆದಿದ್ದ. ಪೂರ್ತಿ ಆಟ ಆಡುವ ಅವಕಾಶ ಕೊನೆಗೂ ಬಂದ ದಿನವೇ ಮಂಡಿ ತಿರುಚಿಕೊಂಡಿತು. ಆಪರೇಶನ್ ಆದರೂ ಮೊದಲಿನ ಓಟ ಮರಳಲಿಲ್ಲ. ಶಿರಸಿಗೆ ಬಂದು ಆಟದ ಸಾಮಾನಿನ ಅಂಗಡಿ ಹಾಕಿದ. ಸಂಜೆ ಕಾಲೇಜು ಹುಡುಗರಿಗೆ ಕೋಚ್ ಆದ.

ಎರಡು ಸಾವಿರದ ನಾಲ್ಕರಲ್ಲಿ ಕಾನಸೂರಿನ ವೈಭವ ಅವನ ತಂಡಕ್ಕೆ ಬಂದ. ಎದುರಾಳಿಯನ್ನು ಬಲಕ್ಕೆ ವಾಲಿಸಿ ಎಡಕ್ಕೆ ನುಗ್ಗುವ ಒಂದು ಚಲನೆಯನ್ನು ಉಲ್ಲಾಸ ಗೋವಾದಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಕಲಿತಿದ್ದ. ಕುಂಟುತ್ತಲೇ ಅದನ್ನು ಹುಡುಗರಿಗೆ ತೋರಿಸಿದ. ವೈಭವ ನೋಡಿದ, ನಕ್ಕ, ಮಾಡಿಯೇಬಿಟ್ಟ. ಉಲ್ಲಾಸನಿಗೆ ಎಂದೂ ಬಾರದ ಸಲೀಸು ಅದರಲ್ಲಿತ್ತು.

ಅಂದಿನಿಂದ ಉಲ್ಲಾಸನ ಬಾಯಲ್ಲಿ ಆ ಹುಡುಗನಿಗೆ ಬೈಗುಳ ಬಿಟ್ಟು ಬೇರೆ ಮಾತು ಬರಲಿಲ್ಲ. ವೈಭವ ಗೋಲು ಹೊಡೆದಾಗಲೆಲ್ಲ ಬೂಟಿನ ದಾರ ಕಟ್ಟುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ.

"ಇವತ್ತೂ ಆ ಹುಡುಗಂಗ ಬೈದ್ರಂತ," ಎಂದಳು ಹೆಂಡತಿ ತನುಜಾ. "ಏನ್ ತಪ್ಪು ಮಾಡ್ಯಾನ ಅಂವ?"

"ಶಿಸ್ತಿಲ್ಲ ಅವಂಗ."

"ಶಿಸ್ತಿನ ಮಾತಲ್ರಿ ಇದು. ಅವನ್ನ ಕಂಡ್ರ ನಿಮಗ ಹೊಟ್ಟಿ ಉರೀತದ."

ಉಲ್ಲಾಸ ಊಟ ಮುಗಿಸಿ ಎದ್ದ.

ಮುಂದಿನ ವರ್ಷ ಯಲ್ಲಾಪುರದ ಟೂರ್ನಮೆಂಟಿನಲ್ಲಿ ತಂಡ ಫೈನಲ್ ತಲುಪಿತು. ಉಲ್ಲಾಸನ ಕಾಲದ ಕ್ಯಾಪ್ಟನ್ ಈಗ ಮಡಗಾಂವಿನ ಅದೇ ಕ್ಲಬ್ಬಿಗೆ ಹೊಸಬರನ್ನು ಆರಿಸುತ್ತಿದ್ದ. ಪಂದ್ಯ ನೋಡಲು ಬರುತ್ತೇನೆಂದು ಫೋನ್ ಮಾಡಿದ. ಅವನು ಯಾರನ್ನು ಒಯ್ಯುತ್ತಾನೆಂದು ಉಲ್ಲಾಸನಿಗೆ ಯಾರೂ ಹೇಳಬೇಕಿರಲಿಲ್ಲ.

ಆಟಕ್ಕೆ ಮುಂಚೆ ಉಲ್ಲಾಸ ತಂಡವನ್ನು ಸುತ್ತ ನಿಲ್ಲಿಸಿಕೊಂಡು ಹೇಳಿದ, "ವೈಭವ, ಇವತ್ತು ನೀನು ಬ್ಯಾಕ್."

"ಬ್ಯಾಕಾ ಸರ್? ನಾ ಯಾವತ್ತೂ ಮುಂದೇ ಆಡಿದ್ದು."

"ಹೇಳಿದಷ್ಟು ಮಾಡು. ಮೈದಾನದ ನಡು ಗೆರಿ ದಾಟಿದ್ರ ಹೊರಗ ಕರೀತೇನಿ."

ಹಿಂದೆ ನಿಂತ ವೈಭವ ಮೊದಲಿಗೇ ಎಡವಿದ, ಎದುರಾಳಿಗಳು ಗೋಲು ಹೊಡೆದರು. ಉಲ್ಲಾಸನ ಎದೆ ತಂಪಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮುನ್ನುಗ್ಗುವವನ ಯೋಚನೆ ಹೇಗಿರುತ್ತದೆಂದು ವೈಭವನಿಗೆ ಗೊತ್ತಿತ್ತು. ಎದುರಾಳಿಗಳು ಹೋಗಬೇಕೆಂದಿದ್ದ ಜಾಗಕ್ಕೆ ಇವನು ಮೊದಲೇ ಹೋಗಿ ನಿಲ್ಲುತ್ತಿದ್ದ. ಮತ್ತೊಂದು ಗೋಲು ಬೀಳಲಿಲ್ಲ. ಆ ಒಂದೇ ಗೋಲಿನಿಂದ ತಂಡ ಸೋತಿತು. ಆ ಹಳೆಯ ಕ್ಯಾಪ್ಟನ್ ನೇರ ಉಲ್ಲಾಸನ ಬಳಿ ಬಂದು, ಮುಂದೆ ಆಡುವವರು ತನಗೆ ಬೇಕಾದಷ್ಟು ಸಿಗುತ್ತಾರೆ, ಇಂಥ ಬ್ಯಾಕ್ ಸಿಗುವುದಿಲ್ಲ ಎಂದ. ವೈಭವನನ್ನು ಅಲ್ಲಿ ಆಡಿಸಿದ್ದು ಯಾರ ಬುದ್ಧಿ ಎಂದು ಕೊಂಕಣಿಯಲ್ಲಿ ಕೇಳಿದ.

"ನನ್ನದೇ," ಎಂದ ಉಲ್ಲಾಸ.

ಎರಡು ವರ್ಷದಲ್ಲಿ ವೈಭವ ಆ ಕ್ಲಬ್ಬಿನ ಕಾಯಂ ಆಟಗಾರನಾದ. ಶಿರಸಿಯಲ್ಲಿ ಸನ್ಮಾನ ಮಾಡಿದರು. ತನ್ನ ಹಾರವನ್ನು ಅವನು ತೆಗೆದು ಉಲ್ಲಾಸನ ಕೊರಳಿಗೆ ಹಾಕಿ, ತನ್ನ ಜಾಗ ತೋರಿಸಿಕೊಟ್ಟವರು ಇವರು ಎಂದ. ಜನ ಚಪ್ಪಾಳೆ ತಟ್ಟಿದರು. ಉಲ್ಲಾಸನಿಗೆ ಆ ಹಾರ ಚುಚ್ಚಿದಂತಾಯಿತು.

ಕಾರ್ಯಕ್ರಮ ಮುಗಿದ ಮೇಲೆ ಇಬ್ಬರೇ ಇದ್ದಾಗ ವೈಭವ ಮೆಲ್ಲಗೆ ಹೇಳಿದ, "ಅವತ್ತು ಯಾಕೆ ಹಿಂದೆ ನಿಲ್ಸಿದ್ರಿ ಅಂತ ನಂಗೆ ಗೊತ್ತಿತ್ತು ಸರ್."

ಉಲ್ಲಾಸ ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದ. "ಮತ್ತ ಅಲ್ಲಿ ಹಂಗ ಯಾಕ ಹೇಳಿದಿ?"

"ಆಟ ಕಲಿಸಿದ್ದು ನೀವೇ ಅಲ್ದಾ. ಅದು ಸುಳ್ಳಲ್ಲ."

ನಮಸ್ಕಾರ ಮಾಡಿ ಅವನು ಮಡಗಾಂವಿನ ಬಸ್ಸಿಗೆ ಹೊರಟ.

ಮನೆಯಲ್ಲಿ ತನುಜಾ ಎಲ್ಲ ಕೇಳಿ, "ಒಳ್ಳೇದಾತು ಬಿಡ್ರಿ. ಈಗಾದ್ರೂ ಮನಸು ಹಗುರಾತಲ್ಲ," ಎಂದಳು.

"ಎಲ್ಲಿ ಹಗುರಾಗ್ತದ? ಅಂವ ನನಗ ಬೈದಿದ್ರ ಆಗ್ತಿತ್ತು," ಎಂದ ಉಲ್ಲಾಸ. "ಅವನ ಕಾಲು ಕಂಡು ಉರೀತಿದ್ದೆ. ಈಗ ಅವನ ಗುಣಾ ಕಂಡೂ ಉರೀಬೇಕು."