ಹಲಸಿನ ಬಂದೂಕಿಗೆ ಅಕ್ರೋಟಿನ ಮರ

ಇಂಗ್ಲೆಂಡಿನಲ್ಲಿ ಹುಟ್ಟಿದ ಜೋಡುನಳಿಗೆಯ ಬಂದೂಕಿಗೆ ಕುಣಿಗಲ್ಲಿನ ಹಲಸಿನ ಮರ ಜೋಡಿಸಿದರೆ ಹೇಗಿರುತ್ತದೆ? ಸೂಟು ತೊಟ್ಟು ಹವಾಯಿ ಚಪ್ಪಲಿ ಮೆಟ್ಟಿದ ಹಾಗಿರುತ್ತದೆ. ಅನಂತರಾಜು ಅವರ ಬಂದೂಕು ಹಾಗೇ ಇತ್ತು. ಅವರಪ್ಪ ಚಿಕ್ಕಬೋರಯ್ಯ ಒಂದು ಸಲ ಬಂದೂಕಿನ ಸಮೇತ ಕೆರೆ ಏರಿಯಿಂದ ಉರುಳಿ, ಭುಜಕ್ಕೆ ಒತ್ತಿ ಹಿಡಿಯುವ ಮರ ಸೀಳಿಹೋಗಿತ್ತು. ಆಗ ತೋಟದ ಹಲಸನ್ನೇ ಕಡಿಸಿ ಊರ ಬಡಗಿಯಿಂದ ಹೊಸದು ಮಾಡಿಸಿದರು. ಬಡಗಿ ಬಾಗಿಲು ಮಾಡುವವನು, ಬಾಗಿಲಿನಷ್ಟೇ ಗಟ್ಟಿಯಾಗಿ ಮಾಡಿಕೊಟ್ಟ. ಅಂದಿನಿಂದ ಊರವರ ಬಾಯಲ್ಲಿ ಅದು ಹಲಸಿನ ಬಂದೂಕು.

ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಬಂದೂಕು ಕೋತಿ ಬೆದರಿಸುವುದಕ್ಕಿಂತ ಹೆಚ್ಚಿನದೇನೂ ಮಾಡಿರಲಿಲ್ಲ. ಆದರೆ ವರ್ಷಕ್ಕೊಂದು ಬೆಳಗ್ಗೆ ಮಾತ್ರ ಅದರದೇ. ಆಯುಧಪೂಜೆಯ ಮಾರನೇ ದಿನ, ಹಚ್ಚಿದ ಕುಂಕುಮ ಇನ್ನೂ ಆರದಿರುವಾಗಲೇ, ಮಗಳು ಪ್ರಮೀಳಾ ತೋಟದಂಚಿನಲ್ಲಿ ನಿಂತು ತೆಂಗಿನ ಚಿಪ್ಪುಗಳನ್ನು ಮೇಲಕ್ಕೆಸೆಯುತ್ತಿದ್ದಳು, ಅಪ್ಪ ಹೊಡೆಯುತ್ತಿದ್ದರು. ಕುದುರೆ ಫಾರಮ್ಮಿನಲ್ಲಿ ಜನ್ಮವೆಲ್ಲ ಬೇರೆಯವರ ಕುದುರೆ ಉಜ್ಜಿ ನಿವೃತ್ತರಾದ ಮನುಷ್ಯನಿಗೆ ತನ್ನದೆನ್ನುವ ಠೀವಿ ಅದೊಂದೇ. ಚಿಪ್ಪು ಆಕಾಶದಲ್ಲಿ ಚೂರಾದರೆ ವರ್ಷ ಚೆನ್ನಾಗಿರುತ್ತದೆಂದು ಅವರು ನಂಬಿದ್ದರು.

ಈಚೆಗೆ ಒಂದೂ ಚೂರಾಗುತ್ತಿರಲಿಲ್ಲ. ಮೊದಲು ಗಾಳಿಯನ್ನು ಬೈದರು. ಆಮೇಲೆ ತೋಟಾ ಹಳೆಯದೆಂದರು. ಕೊನೆಗೆ ತಪ್ಪೆಲ್ಲ ಹಲಸಿನ ತಲೆಗೆ ಬಂತು.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಹೆಂಡತಿ ಗಂಗಲಕ್ಷ್ಮಮ್ಮ ನಕ್ಕರು. ಅನಂತರಾಜುವೂ ನಕ್ಕರು. ಆದರೆ ಗಾದೆ ಗುರಿಗೇ ತಗುಲಿತ್ತು. ಬೇಸಿಗೆಯಲ್ಲಿ ಯಾರಿಗೂ ಹೇಳದೆ ತುಮಕೂರಿಗೆ ಹೋಗಿ ತೋರಿಸಿಕೊಂಡಾಗ ಕಣ್ಣಿನ ಡಾಕ್ಟರು, ಬಲಗಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಎಡಗಣ್ಣು ಕಾಪಾಡಿಕೊಳ್ಳಿ ಎಂದು ಡ್ರಾಪ್ಸ್ ಬರೆದುಕೊಟ್ಟಿದ್ದರು. ಆ ಶೀಷೆ ಕುದುರೆ ಮುಲಾಮಿನ ಹಳೇ ಡಬ್ಬಿಯಲ್ಲಿ ಅಡಗಿತ್ತು. ಮನೆಯವರಿಗೆ ಗೊತ್ತಾದರೆ ಮೊದಲು ಮನೆ ಬಿಡುವುದು ಬಂದೂಕು, ಅದರ ಹಿಂದೆಯೇ ಆ ಬೆಳಗ್ಗೆ. ಅದನ್ನು ನೆನೆದರೆ ಅವರಿಗೆ ನಿಜವಾಗಿ ಭಯವಾಗುತ್ತಿತ್ತು.

ಹೀಗಿರುವಾಗ ಅವರು ಹಿಡಿದುಕೊಂಡದ್ದು ತುಮಕೂರಿನ ಬಂದೂಕು ರಿಪೇರಿಯ ಮಕ್ಸೂದ್ ಸಾಬರು ಎಂದೋ ಆಡಿದ್ದ ಒಂದು ಮಾತನ್ನು. "ಮೈಗೆ ಸರಿಯಾಗಿ ಕೂತ ಬಂದೂಕು ತಾನೇ ನೋಡ್ತದೆ ರಾಜಣ್ಣ." ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಬಂದೂಕೇ ನೋಡುವುದಾದರೆ ಕಣ್ಣೇಕೆ ಬೇಕು? ರಾತ್ರಿ ಮಲಗಿದಾಗ, ಹಸುವಿಗೆ ಹುಲ್ಲು ಹಾಕುವಾಗ, ಅವರ ಮನಸ್ಸಿನಲ್ಲಿ ಅಕ್ರೋಟಿನ ಮರ ತೇಲುತ್ತಿತ್ತು.

ಒಂದು ಭಾನುವಾರ ಪ್ರಮೀಳಾಳ ಕಾರಿನಲ್ಲಿ ಹೊರಟರು. ಅವಳು ಗುಬ್ಬಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್, ಮನೆ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಬಂದೂಕಿನ ಲೈಸೆನ್ಸಿನಲ್ಲಿ ಅವಳ ಹೆಸರೂ ಇತ್ತು. ಗೂಳೂರು ದಾಟುವಾಗ ರಸ್ತೆಯ ಬಲಕ್ಕಿದ್ದ ತೆಂಗಿನ ಸಾಲು ಮಂಜಿನಲ್ಲಿ ಕರಗುತ್ತಿತ್ತು. ಎಡಕ್ಕೆ ಮಂಜಿರಲಿಲ್ಲ.

ಮಕ್ಸೂದ್ ಸಾಬರು ಅಟ್ಟದಿಂದ ಮೂರು ಹಲಗೆ ಇಳಿಸಿದರು. ಕಾಶ್ಮೀರದ ಅಕ್ರೋಟು, ವರ್ಷಗಟ್ಟಲೆ ನೆರಳಲ್ಲಿ ಒಣಗಿದ್ದು. ಧೂಳು ಹಿಡಿದು ಮೂರೂ ಸೌದೆಯಂತಿದ್ದವು. ಸಾಬರು ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸಿದರು. ಮೊದಲನೆಯದು ಕಂದು, ಸಾಧು. ಎರಡನೆಯದರಲ್ಲಿ ಗಂಟಿತ್ತು. ಮೂರನೆಯದರ ಮೇಲೆ ಬಟ್ಟೆ ಹರಿದಾಡಿದಂತೆ ಒಳಗಿನಿಂದ ಕಪ್ಪು ಗೆರೆಗಳು ಎದ್ದು ಬಂದವು, ಜೇನಿನ ಬಣ್ಣದಲ್ಲಿ ತಿರುಗಿ, ಸುಳಿದು, ಅಂಚಿಗೆ ಹೋಗಿ ಮಾಯವಾದವು. ಅನಂತರಾಜು ಬೆರಳಿಟ್ಟು ಗೆರೆಯ ಜೊತೆ ಹೋದರು. ಕುಣಿಗಲ್ ಕೆರೆಯ ಮೇಲೆ ಹೊತ್ತು ಮುಳುಗುತ್ತಿತ್ತು, ಅವರು ತಿಕ್ಕಿ ಬೆಳೆಸಿದ ಕೆಂಚು ಕುದುರೆಯೊಂದು ನೀರಿಗೆ ಬಾಗಿತ್ತು, ಅದರ ಜೂಲು ತೇವದಲ್ಲಿ ಹರಡಿಕೊಂಡಿತ್ತು. ಅಂಗಡಿ ಎಲ್ಲಿಗೋ ಹೋಗಿತ್ತು. ಎರಡೂ ಕಣ್ಣಿಗೆ ಎಲ್ಲವೂ ಸ್ಪಷ್ಟವಾಗಿತ್ತು.

"ಅಪ್ಪ, ಮರ ಆರ್ತಾ ಐತೆ" ಎಂದಳು ಪ್ರಮೀಳಾ.

"ಇದೇ" ಎಂದರು. ಆಮೇಲೆ ಅವರ ಬಾಯಿಗೆ ತಡೆಯಿರಲಿಲ್ಲ. ಹಿಡಿ ಜಾರದಂತೆ ಸಣ್ಣ ಗೀರಿನ ಕೆತ್ತನೆ. ಮೆರುಗೆಣ್ಣೆ ಬೇಡ, ಅಗಸೆ ಎಣ್ಣೆಯನ್ನೇ ಅಂಗೈಯಲ್ಲಿ ತಿಂಗಳುಗಟ್ಟಲೆ ತಿಕ್ಕಬೇಕು. ಕೆಳಗೊಂದು ಬೆಳ್ಳಿ ಬಿಲ್ಲೆ, ಅದರಲ್ಲಿ ಕುದುರೆಯ ಮುಖ.

"ಎಲ್ಲಾ ಮಾಡುವಾ. ಮೊದ್ಲು ಅಳತೆ" ಎಂದ ಸಾಬರು ಬಂದೂಕನ್ನು ನಡುವಿಗೆ ಮಡಚಿ ತೆರೆದರು. ಎರಡೂ ನಳಿಗೆ ಖಾಲಿಯೆಂದು ತಾವು ನೋಡಿ, ಅಪ್ಪ ಮಗಳಿಗೂ ತೋರಿಸಿ, ಮುಚ್ಚಿ ಕೈಗಿತ್ತರು. ಎದುರಿಗೆ ಹೋಗಿ ನಿಂತರು. "ನನ್ನ ಬಲಗಣ್ಣಿಗೆ ಗುರಿ ಇಡಿ ರಾಜಣ್ಣ. ನಮ್ಮಲ್ಲಿ ಅಳತೆ ಹಿಂಗೇ."

ಅನಂತರಾಜು ಬಂದೂಕೆತ್ತಿದರು. ನಳಿಗೆ ಸಾಬರ ಭುಜ ದಾಟಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿತ್ತು.

"ಎಡಗಣ್ಣು ಮುಚ್ಚಿ."

ಮುಚ್ಚಿದರು. ಮಂಜು ಬಂತು. ಪರವಾಗಿಲ್ಲ, ಬಂದೂಕು ತಾನೇ ನೋಡುತ್ತದೆ. ಉಸಿರು ಹಿಡಿದು ಮಂಜಿನ ನಡುವಿಗೆ ಗುರಿಯಿಟ್ಟು ನಿಂತರು. ಕಾದರು.

"ಸರಿ ಐತಾ ಸಾಬ್ರೇ?"

"ನಾನು ಇಲ್ಲಿದೀನಿ ರಾಜಣ್ಣ." ದನಿ ಬಾಗಿಲ ಕಡೆಯಿಂದ ಬಂತು. ಸಾಬರು ಆಗಲೇ ಸದ್ದಿಲ್ಲದೆ ಪಕ್ಕಕ್ಕೆ ಸರಿದಿದ್ದರು.

ಅನಂತರಾಜು ಬಂದೂಕು ಇಳಿಸಿದರು. ಮಗಳ ಮುಖ ನೋಡಲು ನಾಚಿಕೆಯಾಯಿತು.

"ಯಾವಾಗಿಂದ ಅಪ್ಪ?"

"ಬೇಸಿಗೇಲಿ ಡಾಕ್ಟ್ರು ಹೇಳಿದ್ರು. ನರ ಒಣಗೈತಂತೆ." ಹಲಗೆಯನ್ನು ಹಿಂದಕ್ಕೆ ತಳ್ಳಿದರು. "ಮರ ಒಳಗಿಡಿ ಸಾಬ್ರೇ. ಕುರುಡನಿಗ್ಯಾಕೆ ಕನ್ನಡಿ."

ಪ್ರಮೀಳಾ ಅಪ್ಪನ ಕೈಯಿಂದ ಬಂದೂಕು ತೆಗೆದುಕೊಂಡು, ಏನು ಮಾಡಬೇಕೋ ತಿಳಿಯದೆ, ತನ್ನ ಭುಜಕ್ಕೇರಿಸಿದಳು. ಎಡಭುಜಕ್ಕೆ. ಹಲಸಿನ ಮರ ದವಡೆಗೆ ಒತ್ತಿ ಮುಖ ಕಿವುಚಿದಳು.

"ಎಡಗೈಯಾ ಮಗಳೇ?" ಸಾಬರು ಹತ್ತಿರ ಬಂದರು.

"ಹೂಂ. ಚಿಕ್ಕೋಳಿದ್ದಾಗ ಕೇಳಿದ್ದೆ. ಎಡಚಿಗ್ಯಾಕೆ ಬಂದೂಕು, ಚಿಪ್ಪು ಎಸಿ ಬುಡು ಅಂದಿದ್ದ ಅಪ್ಪ. ಇವತ್ತಿಗೂ ಎಸೀತಾನೇ ಇದೀನಿ."

ಸಾಬರು ಹಳೇ ಮರದ ಮೇಲೆ ಬೆರಳಾಡಿಸಿದರು. "ಬಡಗಿ ಇದನ್ನ ಬಲಕ್ಕೆ ಬಗ್ಗಿಸವ್ನೆ. ಬಲಭುಜಕ್ಕೆ, ಬಲಗಣ್ಣಿಗೆ. ನಾನು ಎಡಕ್ಕೆ ಬಗ್ಗಿಸ್ತೀನಿ. ರಾಜಣ್ಣ, ನಿಮ್ಮ ಎಡಗಣ್ಣು ಚೆನ್ನಾಗದಲ್ಲ?"

"ಅದೇನೋ ಚೆನ್ನಾಗೈತೆ."

"ಮತ್ತೇನು? ಕೈ ಚಾಚಿ ಇಬ್ರೂ." ಮೊಣಕೈಯಿಂದ ಬೆರಳಿನವರೆಗೆ ಇಬ್ಬರನ್ನೂ ಅಳೆದರು. ಮತ್ತೊಮ್ಮೆ ಅಳೆದು ನಕ್ಕರು. ಅಳತೆ ಒಂದೇ. "ಒಂದೇ ಮರ. ಇಬ್ರಿಗೂ ಕೂರ್ತದೆ."

ಅನಂತರಾಜು ನಂಬದೆ ಬಂದೂಕನ್ನು ಎಡಭುಜಕ್ಕೆ ಎತ್ತಿದರು. ಜನ್ಮದಲ್ಲೇ ಎತ್ತಿರದವರಂತೆ ತಡವರಿಸಿದರು, ಮೊಣಕೈ ಕೋಳಿರೆಕ್ಕೆಯಂತೆ ಜೋತಿತು. ಪ್ರಮೀಳಾ ಪಟ್ಟೆಂದು ಅದರ ಮೇಲೊಂದು ತಟ್ಟಿದಳು. ಚಿಕ್ಕಂದಿನಲ್ಲಿ ಅವಳು ಎಡಗೈಯಲ್ಲಿ ತುತ್ತೆತ್ತಿದಾಗಲೆಲ್ಲ ಅವರು ಅವಳ ಕೈಗೆ ತಟ್ಟುತ್ತಿದ್ದದ್ದು ಹೀಗೇ.

"ಮೊಣಕೈ ಮೇಲೆ. ಕೆನ್ನೆ ಮರಕ್ಕೆ. ನಾನು ಕಲಿಸ್ತೀನಿ, ನೀನು ಕಲಿ."

ಅವರು ಕೆನ್ನೆ ಒತ್ತಿದರು. ಎಡಗಣ್ಣಿನ ಮುಂದೆ ನಳಿಗೆ ನೆಟ್ಟಗೆ ಹೋಗಿ, ಅದರ ತುದಿಯಲ್ಲಿ ಕ್ಯಾಲೆಂಡರಿನ ತಾರೀಖು ಅಚ್ಚು ಒತ್ತಿದಂತೆ ನಿಂತಿತ್ತು.

"ಹಬ್ಬಕ್ಕೆ ಮುಗೀತದಾ ಸಾಬ್ರೇ?" ಎಂದು ಪ್ರಮೀಳಾ ಕೇಳಿದಳು. "ಈ ಸಲ ಮೊದ್ಲು ಹೊಡಿಯೋದು ನಾನು. ಚಿಪ್ಪು ಅಪ್ಪ ಎಸೀತಾನೆ."

ಅನಂತರಾಜು ಹೂಂ ಎಂದರು. ಕಣ್ಣು ಎರಡೂ ತುಂಬಿಬಂದವು. ಒಣಗಿದ್ದರಲ್ಲೂ ನೀರು ಬರುತ್ತದೆಂದು ಡಾಕ್ಟರು ಹೇಳಿರಲಿಲ್ಲ.