ಕಾರ್ಡಿನ ಮೇಲಿನ ಗೀರು

ಎಸ್ಸೈ ಎದುರಿಗೆ ಕೂತು ನಾಗಜ್ಯೋತಿ ತಂಗಿಯ ಫೋನು ತೆರೆದಳು. ರೆಕಾರ್ಡ್ ಆದ ಕರೆಗಳು ಇದ್ದ ಕಡೆ ಒತ್ತಿದಳು. ಎರಡು ದಿನದ ಹಿಂದೆ ತಾರೀಖಿನ ಸಮೇತ ಸಾಲಾಗಿ ನಿಂತಿದ್ದ ನಲವತ್ತೋ ಐವತ್ತೋ ಕರೆಗಳಲ್ಲಿ ಈಗ ಒಂದೂ ಇರಲಿಲ್ಲ. ಎಸ್‌ಡಿ ಕಾರ್ಡ್ ಇಲ್ಲ ಎಂದು ಫೋನು ಹೇಳುತ್ತಿತ್ತು. ಆಫ್ ಮಾಡಿ ಆನ್ ಮಾಡಿದಳು. ಅದೇ ಮಾತು.

"ಕಾರ್ಡ್ ಲೇದಂಟುಂದಿ ಕದಮ್ಮಾ," ಕಾರ್ಡ್ ಇಲ್ಲ ಅನ್ನುತ್ತಿದೆಯಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿದರು ಎಸ್ಸೈ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರಿಪೇರಿ ಮಾಡಿಸಿಕೊಂಡು ಬನ್ನಿ, ಅದನ್ನು ಕೇಳಿಸಿದರೆ ಕೇಸಿನ ದಾರಿಯೇ ಬೇರೆ, ಇಲ್ಲದಿದ್ದರೆ ಕಾಲು ಜಾರಿತು ಅಂತಲೇ ಬರೆಯಬೇಕಾಗುತ್ತದೆ ಎಂದರು.

ತಂಗಿ ಶಿರೀಷಾ ಗಂಡನ ಮನೆಯ ಬಾವಿಯಲ್ಲಿ ಸಿಕ್ಕು ಆಗ ಇಪ್ಪತ್ತಾರು ದಿನ. ಗಂಡ ಬಾಲರಾಜ್ ಗೂಡ್ಸ್ ಗಾಡಿ ಓಡಿಸುವವನು. ಹತ್ತಿ, ಈರುಳ್ಳಿ ಹೇರಿಕೊಂಡು ವಾರಗಟ್ಟಲೆ ಹೊರಗಿರುತ್ತಿದ್ದ. ಹೊರಗಿದ್ದಷ್ಟೂ ಅವನಿಗೆ ಹೆಂಡತಿಯ ಮೇಲೆ ಅನುಮಾನ. ಯಾರ ಜೊತೆ ಮಾತಾಡುತ್ತಾಳೋ ತಿಳಿಯಬೇಕೆಂದು ಅವಳ ಫೋನಿಗೆ ಒಂದು ಆ್ಯಪ್ ಹಾಕಿಸಿದ್ದ. ಪ್ರತಿ ಕರೆಯೂ ತಾನಾಗಿ ರೆಕಾರ್ಡ್ ಆಗಿ ಕಾರ್ಡಿಗೆ ಹೋಗಿ ಕೂರುತ್ತಿತ್ತು. ಅವಳು ಸತ್ತ ಮೇಲೆ ಆ್ಯಪ್ ತೆಗೆದು ಹಾಕಿ, ಸೀರೆಗಳ ಟ್ರಂಕಿನಲ್ಲಿ ಫೋನನ್ನೂ ಇಟ್ಟು ತವರಿಗೆ ಕಳಿಸಿದ. ಕಾರ್ಡಿನ ನೆನಪು ಅವನಿಗೆ ಆಗಲಿಲ್ಲ.

ಹಾಗಾಗಿ ಅದರಲ್ಲಿ ಅವನ ದನಿಯೂ ಉಳಿದಿತ್ತು. "ನಾ ಬರೂದ್ರೊಳಗ ನೀನ ಬಾವಿ ನೋಡ್ಕ. ಇಲ್ಲಾಂದ್ರ ನಾನ ತೋರಸ್ತೀನಿ." ನಾಗಜ್ಯೋತಿ ಮೂರು ಕರೆ ಕೇಳಿದಳು. ನಾಲ್ಕನೆಯದನ್ನು ಒತ್ತಲು ಬೆರಳು ಬರಲಿಲ್ಲ. ತಂಗಿಯ ಕರೆಗಳೆಲ್ಲ ಇದರಲ್ಲಿ ಅದಾವು ಎಂದು ಅಪ್ಪ ಅವ್ವರಿಗೆ ಕಾರ್ಡು ತೆಗೆದು ತೋರಿಸಿ, ಮತ್ತೆ ಒಳಗೆ ಹಾಕಿ, ಫೋನನ್ನು ತಿರುಗಿ ಟ್ರಂಕಿನಲ್ಲಿಟ್ಟಳು. ನಾಗಜ್ಯೋತಿಯನ್ನು ಕೊಟ್ಟಿದ್ದು ತವರಿನ ಊರಲ್ಲೇ, ಎರಡು ಓಣಿ ಆಚೆ. ತನ್ನ ಫೋನಿಗೆ ಒಂದು ಪ್ರತಿ ಇಳಿಸಿಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ತವರುಮನೆಯಲ್ಲಿಟ್ಟ ವಸ್ತು ಎಲ್ಲಿಗೆ ಹೋದೀತು ಅಂದುಕೊಂಡಿದ್ದಳು.

ಠಾಣೆಯಿಂದ ಅವ್ವ ಉಚ್ಚಮ್ಮನನ್ನು ಕರೆದುಕೊಂಡು ನೇರ ಆದೋನಿಗೆ ಬಂದಳು. ಅಪ್ಪ ಯರ್ರೆಪ್ಪ ಕುರಿ ಬಿಟ್ಟು ಬರಲಾಗುವುದಿಲ್ಲವೆಂದು ಬೆಳಿಗ್ಗೆಯೇ ಹೇಳಿದ್ದ.

ಬಸ್‌ಸ್ಟ್ಯಾಂಡ್ ಹತ್ತಿರ ಸಿದ್ದಲಿಂಗೇಶನ ಮೊಬೈಲ್ ಅಂಗಡಿ. ಅವನು ಪಿನ್ನು ಚುಚ್ಚಿ ಟ್ರೇ ಹೊರಗೆ ತೆಗೆದ, ಕಾರ್ಡನ್ನು ಮತ್ತೆ ಕೂರಿಸಿ ನೋಡಿದ. ಬರಲಿಲ್ಲ. ತನ್ನದೊಂದು ಕಾರ್ಡು ಹಾಕಿದ, ಫೋನು ತಕ್ಷಣ ಗುರುತಿಸಿತು.

"ಫೋನ್ ಚಲೋ ಐತ್ರಿ ಅಕ್ಕಾರ. ಕಾರ್ಡಿಂದ ತ್ರಾಸು."

ನಾಗಜ್ಯೋತಿ ತಂದ ಕಾರ್ಡನ್ನು ಬೇರೆ ಫೋನಿಗೆ ಹಾಕಿದ. ಕಾರ್ಡ್ ರೀಡರಿಗೆ ಹಾಕಿ ಕಂಪ್ಯೂಟರಿಗೆ ಚುಚ್ಚಿದ. "ಕೆಟ್ಟಿದ್ರ ಫಾರ್ಮ್ಯಾಟ್ ಮಾಡ್ಲ್ಯಾ ಅಂತನಾರ ಕೇಳ್ತೈತಿ. ಹಂಗಂದ್ರೂ ಒಳಗಿಂದು ತೆಗಿಬೋದು. ಇದು ಏನೂ ಕೇಳವಲ್ದು," ಎಂದ. ಬಂಗಾರದ ಬಣ್ಣದ ಗೆರೆಗಳನ್ನು ರಬ್ಬರಿನಿಂದ ಒರೆಸಲು ಹೋದವನು ಕೈ ನಿಲ್ಲಿಸಿ ಭೂತಗನ್ನಡಿ ಹಿಡಿದ. ಬಹಳ ಹೊತ್ತು ನೋಡಿ, ಗಾಜನ್ನು ಅವಳ ಕೈಗೆ ಕೊಟ್ಟ.

ಉಗುರಿನಷ್ಟು ಕಾರ್ಡು ಹಪ್ಪಳದಗಲ ಕಂಡಿತು. ಬಂಗಾರದ ಗೆರೆಗಳ ಮೇಲೆ ಅಡ್ಡ, ಉದ್ದ, ಮತ್ತೆ ಅಡ್ಡ ಗೀರುಗಳು. ಒಂದು ಕಡೆ ಒತ್ತಿ ತೂತು ಬಿದ್ದಿತ್ತು.

"ಇದು ತಾನಾಗೇ ಆಗಿದ್ದಲ್ರಿ. ಯಾರೋ ಕುಂತು ಸೂಜಿಲೆ ಗೀರ್ಯಾರ. ತೂತು ಬಿದ್ದಲ್ಲೇ ಎಲ್ಲಾ ಇರತೈತಿ. ನನ್ನ ಕೈಲಿ ಆಗಲ್ಲ. ಯಾರ ಕೈಲೂ ಆಗಲಿಕ್ಕಿಲ್ಲ."

ನಾಗಜ್ಯೋತಿಗೆ ಮೊದಲು ಬಾಲರಾಜನ ನೆನಪಾಯಿತು. ಆದರೆ ಅವನ ಕೈಯಿಂದ ಬಂದ ಮೇಲೆಯೇ ತಾನು ಕರೆ ಕೇಳಿದ್ದು. ಆಮೇಲೆ ಫೋನು ಟ್ರಂಕು ಬಿಟ್ಟು ಹೋಗಿರಲಿಲ್ಲ.

ಊರಿಗೆ ಹೊರಟ ಬಸ್ಸು ಪೆದ್ದಕಡುಬೂರು ದಾಟಿತು. ಉಚ್ಚಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಮೊನ್ನೆ ನಿಮ್ಮಪ್ಪ ಸೂಜಿ ಕೇಳಿದ್ದ. ಕುರಿ ಕಾಲಾಗ ಮುಳ್ಳು ನಟ್ಟೈತಿ ಅಂದ. ನಾನ ಹುಡುಕಿ ಕೊಟ್ಟೆ."

ಅವರು ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಯರ್ರೆಪ್ಪ ಹಟ್ಟಿಯಲ್ಲಿ ಒಂದು ಮರಿಯನ್ನು ತಾಯಿಯ ಕೆಚ್ಚಲಿಗೆ ಹಿಡಿಯುತ್ತಿದ್ದ. ನಾಗಜ್ಯೋತಿ ಒಳಗೆ ಹೋದಳು. ಉಚ್ಚಮ್ಮ ಬಾಗಿಲಲ್ಲೇ ನಿಂತಳು.

"ಎಪ್ಪಾ, ಕಾರ್ಡಿಗೆ ಏನ್ ಮಾಡ್ದಿ?"

"ಯಾವ ಕಾರ್ಡು?" ಎಂದವನು ಬಾಗಿಲ ಕಡೆ ನೋಡಿದ. ಹೆಂಡತಿಯ ಮುಖ ಕಂಡದ್ದೇ ಮರಿಯನ್ನು ಕೆಳಗೆ ಬಿಟ್ಟ.

"ಆಕಿ ನನಗ ಫೋನ್ ಮಾಡಿದ್ಲು," ಎಂದ. "ಸಾಯೂಕಿಂತ ಮುಂಚಿನ ದಿನ. ಎಪ್ಪಾ, ಈವತ್ತೇ ಬಂದು ಕರ್ಕಂಡು ಹೋಗು ಅಂದ್ಲು. ಎಂಟು ದಿನ ತಡಿ, ಉಣ್ಣೆ ಕತ್ತರಿಸಾದು ಮುಗೀಲಿ, ಹಿಂಗ ಎದ್ದು ಬಂದ್ರ ಮಂದಿ ಏನಂತಾರ ಅಂದೆ. ಆಕಿ ಅಳಾಕ ಹತ್ತಿದ್ಲು. ನಾ ಫೋನ್ ಇಟ್ಬಿಟ್ಟೆ."

ಅವನೇ ಮುಂದುವರಿಸಿದ.

"ಎಲ್ಲಾ ಅದ್ರಾಗ ಐತಿ ಅಂತ ನೀ ಅಂದಿ. ಕೋರ್ಟಿನ್ಯಾಗ ಮಂದಿ ಮುಂದ ಹಚ್ತಾರ ಅಂತ ತಿಳ್ಕಂಡೆ. ಅದೊಂದ ಕರೆ ತೆಗಿಯಾಕ ನನಗ ಬರಲಿಲ್ಲ. ಯಾರಿಗೆ ತೋರಸ್ಲಿ? ತೋರಿಸಿದ್ರ ಅವರೂ ಕೇಳ್ತಾರಲ್ಲ."

ನಾಗಜ್ಯೋತಿಗೆ ಕೂಗಬೇಕೆನಿಸಿತು. ಆದರೆ ಈ ಮನುಷ್ಯ ಶಿರೀಷಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಉರುಕುಂದದ ಗುಡಿಯವರೆಗೆ ನಡೆದವನು. ಅವಳ ಹೆಣ ಮೇಲೆತ್ತಿದಾಗ ಬಾವಿಗೆ ಹಾರಲು ಹೋಗಿ ನಾಲ್ಕು ಜನರ ಕೈಯಲ್ಲಿ ಹಿಡಿಸಿಕೊಂಡವನು.

"ನಾಳೆ ಠಾಣೆಗೆ ಬಾ," ಎಂದಳು. "ಇದನ್ನೆಲ್ಲ ಅಲ್ಲಿ ಹೇಳು."

"ನನ್ನೂ ಒಳಗ ಹಾಕ್ತಾರವ್ವ."

"ಹಾಕಲಿ."

ಯರ್ರೆಪ್ಪ ಹೋದ, ಎಲ್ಲವನ್ನೂ ಹೇಳಿದ. ಎಸ್ಸೈ ತೆಲುಗಿನಲ್ಲಿ ಬರೆದುಕೊಂಡು ಓದಿ ಹೇಳಿದರು. ಅವನು ಹೆಬ್ಬೆಟ್ಟು ಒತ್ತಿದ. ಅವನನ್ನು ಯಾರೂ ಒಳಗೆ ಹಾಕಲಿಲ್ಲ. ಕಾರ್ಡನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ ಲ್ಯಾಬಿಗೆ ಕಳಿಸಿದರು. ಬಾಲರಾಜನನ್ನು ಕರೆಸಿ ಎರಡು ದಿನ ವಿಚಾರಿಸಿ ಬಿಟ್ಟರು. ಯಾವ ದಿನ ಎಷ್ಟು ಹೊತ್ತು ಮಾತಾಡಿದ ಎಂಬ ಲೆಕ್ಕ ಫೋನ್ ಕಂಪನಿಯಿಂದ ಬಂತು. ಏನು ಮಾತಾಡಿದ ಎಂಬುದು ಅದರಲ್ಲಿ ಇರಲಿಲ್ಲ. ಐದು ತಿಂಗಳ ಮೇಲೆ ಲ್ಯಾಬಿನಿಂದಲೂ ಕಾಗದ ಬಂತು. ಕಾರ್ಡಿನಿಂದ ಏನನ್ನೂ ತೆಗೆಯಲಾಗಿಲ್ಲ ಎಂದಿತ್ತು.

ಆದರೂ ಬಾಲರಾಜನ ಮೇಲೆ ಕೇಸು ನಡೆಯಿತು. ಕೋರ್ಟಿನಲ್ಲಿ ಅವನ ವಕೀಲರು ಯರ್ರೆಪ್ಪನ ಹೇಳಿಕೆಯನ್ನೇ ಎತ್ತಿಕೊಂಡರು. ಅಪಾಯ ಇದ್ದಿದ್ದರೆ ಹೆತ್ತ ತಂದೆ ಎಂಟು ದಿನ ತಡಿ ಅನ್ನುತ್ತಿದ್ದನೇ ಎಂದು ಕೇಳಿದರು. ಯರ್ರೆಪ್ಪ ಕಟಕಟೆಯ ಕಟ್ಟಿಗೆ ಹಿಡಿದು ನಿಂತಿದ್ದ. ಅವನು ಮರೆಮಾಡಲು ಹೋಗಿದ್ದ ಮಾತು ಆ ದಿನ ತುಂಬಿದ ಕೋರ್ಟಿನಲ್ಲಿ ಮೂರು ಸಲ ಓದಲ್ಪಟ್ಟಿತು. ಬಾಲರಾಜನ ಮಾತು ಒಂದು ಸಲವೂ ಕೇಳಿಸಲಿಲ್ಲ, ನಾಗಜ್ಯೋತಿ ಕೇಳಿದ್ದೆ ಅಂದದ್ದಕ್ಕೆ ರುಜುವಾತು ಇರಲಿಲ್ಲ. ವರ್ಷ ತುಂಬುವ ಹೊತ್ತಿಗೆ ಅವನು ಬಿಡುಗಡೆಯಾದ. ಈಗ ಅವನ ಗಾಡಿ ವಾರಕ್ಕೊಮ್ಮೆ ಇವರ ಊರ ಮುಂದಿನ ರಸ್ತೆಯಲ್ಲೇ ಹೋಗುತ್ತದೆ.

ಉಚ್ಚಮ್ಮ ಗಂಡನನ್ನು ಬಿಟ್ಟು ಹೋಗಲಿಲ್ಲ, ಬೈಯಲೂ ಇಲ್ಲ. ಹಿರಿಮಗಳು ತನ್ನ ಮನೆಗೆ ಬಾ ಎಂದರೂ ಒಪ್ಪಲಿಲ್ಲ. ಒಂದು ಸಂಜೆ ನಾಗಜ್ಯೋತಿ ತವರಿಗೆ ಹೋದಾಗ ಅವ್ವ ಅಪ್ಪನ ಮುಂದೆ ರೊಟ್ಟಿಯ ತಾಟು ಇಟ್ಟು ಎದುರಿಗೆ ಕೂತಿದ್ದಳು.

"ಹೇಳು," ಎಂದಳು ಉಚ್ಚಮ್ಮ. "ಆಕಿ ಏನಂದ್ಲು?"

"ದಿನಾ ಹೇಳೀನಲ್ಲ."

"ನಾ ಕೇಳಿಲ್ಲ. ನೀ ಕೇಳೀದಿ. ಹೇಳು."

ಯರ್ರೆಪ್ಪ ತಾಟು ಮುಟ್ಟದೆ, ಎಪ್ಪಾ ಎಂಬಲ್ಲಿಂದ ಶುರು ಮಾಡಿದ.